ಒಂದೇ ಮನೆಯಲ್ಲಿ ಇಬ್ಬರು ಬಾಣಂತಿಯರು: ಎದೆಹಾಲು, ಡಬ್ಬಿ ಹಾಲು ಮತ್ತು ನಮ್ಮ ನಡುವಿನ ಮುನಿಸು

ಕೇಳಿದವರು: ನನಗೆ ಸಿಸೇರಿಯನ್ ಆಗಿ ಎರಡು ತಿಂಗಳಾಯಿತು. ಹಾಲು ಸಾಲದೆ ಮಗುವಿಗೆ ಡಬ್ಬಿ ಹಾಲನ್ನೂ ಕೊಡುತ್ತಿದ್ದೇನೆ. ಇದೇ ಮನೆಯಲ್ಲಿರುವ ನನ್ನ ದೊಡ್ಡ ವಾರಗಿತ್ತಿಯವರು ತಮ್ಮ ಮಗುವಿಗೆ ಎದೆಹಾಲನ್ನಷ್ಟೇ ಕುಡಿಸುತ್ತಾರೆ. ಬಂದವರೆಲ್ಲ ನಮ್ಮಿಬ್ಬರನ್ನು ಹೋಲಿಸಿ ಮಾತನಾಡುತ್ತಾರೆ. ಈಗ ನಮ್ಮಿಬ್ಬರ ನಡುವೆ ಮಾತೇ ನಿಂತಂತಾಗಿದೆ. ಇಂಥದ್ದನ್ನು ಕಂಡವರು ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ: ತಂಗಿ, ನಿಮ್ಮ ವಾರಗಿತ್ತಿಯವರ ಜಾಗದಲ್ಲಿ ಒಮ್ಮೆ ನಾನಿದ್ದೆ, ಆದ್ದರಿಂದ ಆ ಕಡೆಯ ಮಾತನ್ನು ಹೇಳುತ್ತೇನೆ. ನನ್ನ ಮತ್ತು ನನ್ನ ಚಿಕ್ಕ ವಾರಗಿತ್ತಿಯ ಹೆರಿಗೆಗಳು ಮೂರು ವಾರಗಳ ಅಂತರದಲ್ಲಿ ಆದವು. ಇಬ್ಬರಿಗೂ ತವರಿನಲ್ಲಿ ತಾಯಿ ಇಲ್ಲದ್ದರಿಂದ ವಿನೋಬನಗರದ ಮನೆಯಲ್ಲಿ ಅತ್ತೆಯವರೇ ಬಾಣಂತನ ಮಾಡಿದರು. ಅದೇ ಅಳ್ವಿ ಪಾಯಸ, ಅದೇ ಸಬ್ಬಸಿಗೆ ಪಲ್ಯ, ಅದೇ ಬೆಳ್ಳುಳ್ಳಿ ಇಬ್ಬರ ತಟ್ಟೆಗೂ ಬೀಳುತ್ತಿತ್ತು; ನನಗೆ ಹಾಲು ಧಾರಾಳವಾಗಿ ಬಂತು, ಅವಳಿಗೆ ಬರಲಿಲ್ಲ. ತೊಟ್ಟಿಲು ಶಾಸ್ತ್ರದ ದಿನ ನೆಂಟರೆದುರು ನಾನು, ಅವಳಿಗೆ ಕೇಳುವಂತೆಯೇ, "ನನಗಂತೂ ಡಬ್ಬಿ ಮುಟ್ಟುವ ಪ್ರಸಂಗವೇ ಬರಲಿಲ್ಲ" ಎಂದೆ. ಮರುದಿನದಿಂದ ಹಾಲಿನ ಪುಡಿಯ ಡಬ್ಬಿ ಜೋಳದ ಹಿಟ್ಟಿನ ಡಬ್ಬದ ಹಿಂದೆ, ಗೋಡೆಯ ಕಡೆಗೆ ಮುಖ ಮಾಡಿ ನಿಂತಿತು. ರಾತ್ರಿ ಅಡುಗೆಮನೆಯ ದೀಪ ಹಾಕದೆಯೇ ಅವಳು ಹಾಲು ಬೆರೆಸುತ್ತಿದ್ದಳು.

ಆರನೆಯ ವಾರದ ಲಸಿಕೆಗೆ ಇಬ್ಬರೂ ಒಟ್ಟಿಗೆ ಹೋದಾಗ ಅವಳ ಮಗುವಿನ ತೂಕ ಏರಬೇಕಾದಷ್ಟು ಏರಿರಲಿಲ್ಲ. ಎಷ್ಟು ನೀರಿಗೆ ಎಷ್ಟು ಚಮಚ ಹಾಕುತ್ತೀರಿ ಎಂದು ವೈದ್ಯರು ಕೇಳಿದರು. ಎಲ್ಲರೆದುರು ಇನ್ನೊಂದು ಡಬ್ಬಿ ತರಿಸಲು ನಾಚಿ, ಇದ್ದದ್ದೇ ಹೆಚ್ಚು ದಿನ ಬರಲಿ ಎಂದು ಪ್ರತಿ ಸಲವೂ ಒಂದು ಚಮಚ ಕಡಿಮೆ ಹಾಕುತ್ತಿದ್ದೆನೆಂದು ಅವಳು ತಲೆ ತಗ್ಗಿಸಿ ಹೇಳಿದಳು. ಆ ಕೂಸು ಸೊರಗಿದ್ದು ಡಬ್ಬಿ ಹಾಲಿನಿಂದಲ್ಲ, ಅದನ್ನು ಕದ್ದು ಬೆರೆಸುವಂತೆ ನಾವು ಮಾಡಿದ್ದರಿಂದ. ಹೊರಗಿನ ಬೆಂಚಿನ ಮೇಲೆ ನಾನು ಅವಳ ಕ್ಷಮೆ ಕೇಳಿದೆ.

ಮನೆಗೆ ಬಂದು ಡಬ್ಬಿಯನ್ನು ಕಾಫಿಪುಡಿಯ ಪಕ್ಕದಲ್ಲಿ ಎದುರಿಗೇ ಇಟ್ಟೆವು. ತಾಯಿಯ ಹಾಲೇ ಶ್ರೇಷ್ಠ ಎಂಬ ಒಕ್ಕಣೆಯನ್ನು ಓದಿದಾಗಲೆಲ್ಲ ತನ್ನನ್ನೇ ಬೈದಂತಾಗುತ್ತಿತ್ತು ಎಂದು ಅವಳು ಆಗ ಹೇಳಿದಳು. ಅದನ್ನು ಮುದ್ರಿಸಬೇಕೆಂದು ಕಡ್ಡಾಯ ಮಾಡಿರುವುದು 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾಯಿದೆ. ಇಂಥ ಪುಡಿಯ ಜಾಹೀರಾತನ್ನು ನಿಷೇಧಿಸಿ ಕಂಪನಿಗಳಿಗೆ ಲಗಾಮು ಹಾಕಲು ಬಂದ ಕಾನೂನು ಅದು. ತಾಯಂದಿರನ್ನು ಅಳೆಯಲು ನಾವು ಅದನ್ನು ಬಳಸಬಾರದು. ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದ ರಾತ್ರಿಗಳ ವಿಷಯವನ್ನು ನಾನೂ ಅಂದೇ ಅವಳಿಗೆ ಹೇಳಿದೆ. ಅದುವರೆಗೆ ನನ್ನ ನೋವು ಅವಳಿಗೆ ಗೊತ್ತಿರಲಿಲ್ಲ. ನಿಮ್ಮ ವಾರಗಿತ್ತಿಯವರಲ್ಲಿಯೂ ಹೇಳದೆ ಉಳಿದದ್ದು ಏನಾದರೂ ಇರಬಹುದು. ಮಕ್ಕಳು ಮಲಗಿರುವಾಗ ಅವರ ಬಳಿ ಹೋಗಿ ಕುಳಿತುಕೊಳ್ಳಿ.

ಚಿತ್ರದುರ್ಗದಿಂದ: ನನ್ನದು ಇದಕ್ಕೆ ತಿರುಗುಮುರುಗಾದ ಅನುಭವ. ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೂ, ಕಚೇರಿಯಲ್ಲಿ ಹಳೆಯ ಕಡತಗಳನ್ನಿಡುವ ಕೋಣೆಯ ಬಾಗಿಲು ಹಾಕಿಕೊಂಡು ನಾನು ಹಾಲು ಹಿಂಡಿ ತೆಗೆದಿಡುತ್ತಿದ್ದೆ. "ಇಷ್ಟೆಲ್ಲ ಯಾಕೆ ಬೇಕು, ಡಬ್ಬಿ ಹಾಲು ಕುಡಿದ ನಮ್ಮ ಮಕ್ಕಳು ಬೆಳೆಯಲಿಲ್ಲವೇ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಅಂದಾಗ ನನಗೆ ಸಿಟ್ಟು ಬಂದಿತ್ತು. ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿದ್ದು 2017ರ ತಿದ್ದುಪಡಿಯಿಂದ. ಅದಕ್ಕೆ ಮುಂಚೆ ಹೆತ್ತ ಅವರು ಮೂರು ತಿಂಗಳ ಕೂಸನ್ನು ಬಿಟ್ಟು ಬಂದು, ಎದೆ ಕಟ್ಟಿ ಸೀರೆ ಒದ್ದೆಯಾಗುತ್ತಿದ್ದರೂ ಸಂಜೆಯವರೆಗೆ ಕುಳಿತಿರುತ್ತಿದ್ದರಂತೆ. ಅದನ್ನು ಅವರ ಬಾಯಿಂದಲೇ ಕೇಳಿದ ಮೇಲೆ ನನ್ನ ಸಿಟ್ಟು ಉಳಿಯಲಿಲ್ಲ.

ದಾವಣಗೆರೆಯ ನಿವೃತ್ತ ನರ್ಸ್ ಒಬ್ಬರಿಂದ: ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸಾಧ್ಯವಾದವರು ಹಾಗೆಯೇ ಮಾಡಬೇಕೆಂದು ನಾನೂ ಹೇಳುತ್ತೇನೆ. ಆದರೆ ಡಬ್ಬಿ ಬಂದಿತೆಂದು ಎದೆಹಾಲನ್ನು ಬಿಡಬೇಕಾಗಿಲ್ಲ, ಮಗಳೇ. ಪ್ರತಿ ಸಲವೂ ಮೊದಲು ಮೊಲೆಗೆ ಹಾಕಿ. ಮಗು ಚೀಪಿದಷ್ಟೂ ಹಾಲು ಕೂಡುತ್ತದೆ, ಅದರಲ್ಲೂ ರಾತ್ರಿ ಕುಡಿಸುವುದನ್ನು ತಪ್ಪಿಸಬೇಡಿ. ಮೇಲು ಹಾಲನ್ನು ಬಾಟಲಿಗಿಂತ ಒಳಲೆಯಲ್ಲಿ ಕುಡಿಸುವುದು ಒಳ್ಳೆಯದು, ತೊಳೆದು ಕುದಿಸಲೂ ಸುಲಭ. ವೈದ್ಯರನ್ನು ಕೇಳದೆ ಡಬ್ಬಿ ಹಾಲನ್ನು ಕಡಿಮೆ ಮಾಡಬೇಡಿ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದೆಯೇ, ತೂಕ ಏರುತ್ತಿದೆಯೇ ಎಂದು ನೋಡುತ್ತಿರಿ. ಕುದಿಸಿದ ನೀರನ್ನು ಮೊದಲು ಅಳೆದುಕೊಂಡು, ಆಮೇಲೆ ಡಬ್ಬಿಯಲ್ಲಿರುವ ಚಮಚದಿಂದಲೇ ಪುಡಿಯನ್ನು ಮಟ್ಟಸವಾಗಿ ಹಾಕಿ. ನಮ್ಮೂರಿನ ಬಿಸಿಲಿಗೆ ಹಾಲು ಬೇಗ ಕೆಡುತ್ತದೆ. ಮಗು ಕುಡಿದು ಉಳಿಸಿದ್ದನ್ನು ಚೆಲ್ಲಿಬಿಡಿ, ದಂಡವಾಯಿತೆಂದು ಹಿರಿಯರು ಅಂದರೂ ಚೆಲ್ಲಿಬಿಡಿ.