ಮೀಟರ್ ಗೇನ್ 290 ತೋರಿಸುತ್ತದೆ, ಆದರೂ ರಿಲೇ ಎಳೆಯುತ್ತಿಲ್ಲ, ಯಾಕೆ?

ಪ್ರಶ್ನೆ:
ಮಲ್ಟಿಮೀಟರಿನ ಎಚ್‌ಎಫ್‌ಇ ಸಾಕೆಟ್‌ಗೆ ನನ್ನ ಬಿಸಿ547ಬಿ ಟ್ರಾನ್ಸಿಸ್ಟರ್ ಹಾಕಿದರೆ ಗೇನ್ 290 ಅಂತ ಬರುತ್ತದೆ, ಅಂದರೆ ಬೇಸ್ ಕಾಲಿಗೆ ಕೊಟ್ಟ ಕರೆಂಟಿನ 290 ಪಟ್ಟು ಕಲೆಕ್ಟರ್ ಕಾಲಿನಿಂದ ಎಮಿಟರ್ ಕಾಲಿಗೆ ಹರಿಯುತ್ತದೆ. ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಎಳೆದುಕೊಳ್ಳುವ ಸ್ವಿಚ್) 5 ವೋಲ್ಟಿನದು, ಕಾಯಿಲ್ 70 ಓಮ್, ಅಂದರೆ ಸುಮಾರು 71 ಮಿಲಿಆಂಪ್ ಬೇಕು. ಅದನ್ನು 290ರಿಂದ ಭಾಗಿಸಿದರೆ ಬೇಸ್‌ಗೆ 0.25 ಮಿಲಿಆಂಪ್ ಸಾಕು ಅಲ್ವಾ? ಅದಕ್ಕೇ 5 ವೋಲ್ಟಿನ ಪಿನ್ನಿಂದ 18ಕೆ ರೆಸಿಸ್ಟರ್ ಹಾಕಿದ್ದೇನೆ. ರಿಲೇ ಟಕ್ ಅನ್ನುತ್ತಲೇ ಇಲ್ಲ. ಕಲೆಕ್ಟರ್-ಎಮಿಟರ್ ನಡುವೆ 1.7 ವೋಲ್ಟ್ ಉಳಿದಿದೆ. ಟ್ರಾನ್ಸಿಸ್ಟರ್ ಕೆಟ್ಟಿದೆಯಾ, ಮೀಟರ್ ಸುಳ್ಳು ಹೇಳುತ್ತಿದೆಯಾ?

ಉತ್ತರ 1:
ಎರಡೂ ಸರಿಯಾಗೇ ಇವೆ. ನೀವು ಅಳೆದದ್ದರಲ್ಲೇ ಉತ್ತರ ಇದೆ ನೋಡಿ. ಟ್ರಾನ್ಸಿಸ್ಟರ್ 1.7 ವೋಲ್ಟ್ ತಿಂದರೆ ಕಾಯಿಲ್‌ಗೆ ಉಳಿದದ್ದು 3.3, ಅಂದರೆ ಹರಿಯುತ್ತಿರುವುದು ಬರೀ 47 ಮಿಲಿಆಂಪ್. ಬೇಸ್‌ಗೆ ಹೋಗುತ್ತಿರುವುದು 0.24. ಭಾಗಿಸಿ: ಗೇನ್ ಈಗ 196ರ ಹತ್ತಿರ ಇದೆ, 290 ಅಲ್ಲ.

ಸಾಮಾನ್ಯ ಮೀಟರುಗಳು ಬೇಸ್‌ಗೆ ಸುಮಾರು 10 ಮೈಕ್ರೋಆಂಪ್ ಕೊಟ್ಟು ಅಳೆಯುತ್ತವೆ, ಆಗ ಕಲೆಕ್ಟರಿನಲ್ಲಿ ಹರಿಯುವುದು ಎರಡೋ ಮೂರೋ ಮಿಲಿಆಂಪ್ ಮಾತ್ರ. ಕರೆಂಟ್ ಜಾಸ್ತಿಯಾದಂತೆ ಗೇನ್ ಇಳಿಯುತ್ತದೆ, ಕಲೆಕ್ಟರ್ ವೋಲ್ಟೇಜ್ ಕಡಿಮೆಯಾದರೂ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ. ಬೇಕಿದ್ದರೆ ಸಾಕೆಟ್‌ನಲ್ಲಿರುವಾಗಲೇ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನೋಡಿ, ಅಂಕಿ ಮೆಲ್ಲಗೆ ಮೇಲೆ ಹೋಗುತ್ತದೆ.

ಸ್ವಿಚ್ ಆಗಿ ಬಳಸುವಾಗ ಎಚ್‌ಎಫ್‌ಇ ಮರೆತುಬಿಡಿ. ಕಲೆಕ್ಟರ್ ಕರೆಂಟಿನ ಹತ್ತರಲ್ಲೊಂದೋ ಇಪ್ಪತ್ತರಲ್ಲೊಂದೋ ಪಾಲು ಬೇಸ್‌ಗೆ ಕೊಡಿ. ಬಿಸಿ547ರ ಡೇಟಾಶೀಟಿನಲ್ಲಿ ಸ್ಯಾಚುರೇಶನ್ ವೋಲ್ಟೇಜ್ (ಪೂರ್ತಿ ಆನ್ ಆದಾಗ ಕಲೆಕ್ಟರ್-ಎಮಿಟರ್ ನಡುವೆ ಉಳಿಯುವುದು) ಕೊಟ್ಟಿರುವುದೂ ಕಲೆಕ್ಟರಿನ 100ಕ್ಕೆ ಬೇಸಿನ 5 ಮಿಲಿಆಂಪ್ ಲೆಕ್ಕದಲ್ಲೇ. ನಿಮಗೆ 1ಕೆ ಸಾಕು, ಸುಮಾರು 4.2 ಮಿಲಿಆಂಪ್ ಹೋಗುತ್ತದೆ.

ಉತ್ತರ 2:
ಸುಮ್ನೆ ಮಾಸ್‌ಫೆಟ್ (ಕರೆಂಟಿನ ಬದಲು ವೋಲ್ಟೇಜಿನಿಂದ ಆನ್ ಆಗುವ ಟ್ರಾನ್ಸಿಸ್ಟರ್) ಹಾಕಿ, ಈ ತಲೆನೋವೇ ಇರಲ್ಲ.

ಉತ್ತರ 3:
ಅವರು ಕೇಳಿದ್ದು ಗೇನ್ ಬಗ್ಗೆ ಮಾರಾಯ್ರೇ!

ಇನ್ನೊಂದು ವಿಷಯ, ಬಿಸಿ547 ತಡೆಯುವುದು 100 ಮಿಲಿಆಂಪ್ ಮಾತ್ರ. 71 ಅದರೊಳಗೇ ಇದೆ, ಆದರೂ ನಾನಾಗಿದ್ದರೆ ಇನ್ನೂ ಹೆಚ್ಚು ಕರೆಂಟ್ ತಡೆಯುವ ಬಿಸಿ337 ಹಾಕುತ್ತಿದ್ದೆ.

ಪ್ರಶ್ನೆ ಕೇಳಿದವರು:
1ಕೆ ಹಾಕಿದೆ, ಟಕ್ ಅಂತು! ಈಗ ಕಲೆಕ್ಟರ್-ಎಮಿಟರ್ ನಡುವೆ ಬರೀ 0.2 ವೋಲ್ಟ್. ಹಾಗಾದರೆ ಆಂಪ್ಲಿಫೈಯರ್ ಮಾಡುವಾಗ? ಅಲ್ಲಾದರೂ ಮೀಟರಿನ ಅಂಕಿ ನಂಬಬಹುದಾ?

ಉತ್ತರ 1:
ಅಲ್ಲಂತೂ ಇನ್ನೂ ನಂಬಬೇಡಿ. ನಿಮ್ಮದರ ಹೆಸರಿನ ಕೊನೆಯ ಬಿ ಗೇನಿನ ಗುಂಪು, ಅಂದರೆ 2 ಮಿಲಿಆಂಪ್‌ನಲ್ಲಿ 200ರಿಂದ 450ರವರೆಗೆ ಎಷ್ಟಾದರೂ ಇರಬಹುದು. 12 ವೋಲ್ಟ್ ಸಪ್ಲೈಯಿಂದ ಬೇಸ್‌ಗೆ ಒಂದೇ ಒಂದು 1.5 ಮೆಗಓಮ್, ಕಲೆಕ್ಟರಿಗೆ 4.7ಕೆ ಹಾಕಿದಿರಿ ಅನ್ನಿ. ಗೇನ್ 200 ಇದ್ದರೆ 1.5 ಮಿಲಿಆಂಪ್ ಹರಿದು ಕಲೆಕ್ಟರ್ 5 ವೋಲ್ಟ್ ಹತ್ತಿರ ನಿಲ್ಲುತ್ತದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಜಾಗಕ್ಕೆ 450ರದ್ದು ಹಾಕಿ: ಪೂರ್ತಿ ಸ್ಯಾಚುರೇಶನ್‌ಗೆ ಹೋಗಿ ಕೂರುತ್ತದೆ, ಸಿಗ್ನಲ್ ಹಾಕಿದರೆ ಚಪ್ಪಟೆ.

ಅದಕ್ಕೇ ಎಮಿಟರಿಗೆ 1ಕೆ ಹಾಕಿ, ಸಪ್ಲೈ ವೋಲ್ಟೇಜ್ ಹಂಚುವ ಎರಡು ರೆಸಿಸ್ಟರಿನ ಡಿವೈಡರಿಂದ ಬೇಸನ್ನು 1.7 ವೋಲ್ಟಿನಲ್ಲಿ ಹಿಡಿಯುವುದು. ಎಮಿಟರಿನಲ್ಲಿ ಸುಮಾರು 1 ವೋಲ್ಟ್ ನಿಂತಿತು ಅಂದರೆ ಕರೆಂಟ್ 1 ಮಿಲಿಆಂಪ್, ಗೇನ್ 200 ಇರಲಿ 450 ಇರಲಿ. ಡಿವೈಡರಿನಲ್ಲಿ ಹರಿಯುವ ಕರೆಂಟ್ ಬೇಸಿನದಕ್ಕಿಂತ ಹತ್ತು ಪಟ್ಟಾದರೂ ಇರಲಿ. ಆ ಮೀಟರಿನ ಸಾಕೆಟ್ ಅನ್ನು ನಾನು ಬಳಸುವುದು ಕಾಲು ಗುರುತಿಸಲು. ಕಲೆಕ್ಟರ್, ಎಮಿಟರ್ ಅದಲುಬದಲಾದರೆ ಗೇನ್ ತೀರಾ ಕಡಿಮೆ ಬರುತ್ತದೆ.

ಉತ್ತರ 3:
ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿದ್ದೀರಾ? ನೀವು ಅದರ ಮಾತೇ ಎತ್ತಿಲ್ಲ. 1ಎನ್4007 ಸಾಕು, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಇಲ್ಲದಿದ್ದರೆ ರಿಲೇ ಆಫ್ ಆಗುವಾಗ ಕಾಯಿಲ್‌ನಿಂದ ಬರುವ ವೋಲ್ಟೇಜಿನ ಏಟಿಗೆ ಟ್ರಾನ್ಸಿಸ್ಟರ್ ನಿಜವಾಗಿಯೂ ಹೋಗುತ್ತದೆ.