ಲ್ಯಾಟಿನ್ ಜೆರಂಡ್, ಜೆರಂಡಿವ್: ‘ಬೇಕಾದ’ ಎಂಬ ಅರ್ಥ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ?

ಕಂಪ್ಲಿ ಓದುಗ ಕೇಳಿದ್ದು:

ನಮಸ್ಕಾರ್ರೀ ಎಲ್ಲರಿಗೂ. ಬಳ್ಳಾರಿಯಲ್ಲಿ ನಾವು ಮೂರು ಮಂದಿ ಸೇರಿ ಲ್ಯಾಟಿನ್ ಕಲಿಯುತ್ತಿದ್ದೇವೆ. ಹೈಸ್ಕೂಲಿನ ಸಂಸ್ಕೃತದ ಬಲದ ಮೇಲೆ ವಿಭಕ್ತಿ, ಕರ್ಮಣಿ ಎಲ್ಲ ದಾಟಿದೆವು. ಜೆರಂಡ್, ಜೆರಂಡಿವ್ ಹತ್ತಿರ ಗಾಡಿ ನಿಂತಿದೆ.

ನಾವು ತಿಳಿದುಕೊಂಡದ್ದು ಇಷ್ಟು: ಜೆರಂಡ್ ಅಂದರೆ ‘ಓದುವುದು’, ಜೆರಂಡಿವ್ ಅಂದರೆ ‘ಓದಬೇಕಾದ’. ಹೀಗಿಟ್ಟುಕೊಂಡು ‘ಪುಸ್ತಕಗಳನ್ನು ಓದುವುದಕ್ಕೆ ಬಂದೆ’ ಎನ್ನಲು ‘ಅದ್ ಲೆಗೆಂದುಮ್ ಲಿಬ್ರೋಸ್ ವೇನೀ’ ಎಂದು ಬರೆದೆವು. ಉತ್ತರದ ಪುಟದಲ್ಲಿ ‘ಅದ್ ಲಿಬ್ರೋಸ್ ಲೆಗೆಂದೋಸ್ ವೇನೀ’ ಎಂದಿದೆ. ಅಂದರೆ ‘ಓದಬೇಕಾದ ಪುಸ್ತಕಗಳಿಗೆ ಬಂದೆ’ ಎಂದಾಯಿತಲ್ಲ! ಇಲ್ಲಿ ‘ಬೇಕು’ ಯಾಕೆ?

ಇನ್ನೆರಡು ಅನುಮಾನ. ‘ಓದುವುದು ಒಳ್ಳೆಯದು’ ಎನ್ನಲು ‘ಲೆಗೆಂದುಮ್ ಬೊನುಮ್ ಎಸ್ತ್’ ಯಾಕೆ ಸಲ್ಲದು? ‘ನನಗೆ ಹೋಗಬೇಕಾಗಿದೆ’ ಎನ್ನುವವನು ಗಂಡಸಾದರೂ ‘ಮಿಹಿ ಎಯುಂದುಮ್ ಎಸ್ತ್’ ಎಂದು ನಪುಂಸಕವೇ ಯಾಕೆ?

ಆನೆಗೊಂದಿ ಉತ್ತರ:

ಮೊದಲು ರೂಪ ಗಟ್ಟಿ ಮಾಡಿಕೊಳ್ರಿ, ಅರ್ಥ ಆಮೇಲೆ ನೋಡೋಣ. ಕ್ರಿಯಾಪದದ ವರ್ತಮಾನದ ಅಂಗಕ್ಕೆ ‘ಂದ್’ ಸೇರಿಸಿ ಅಂತ್ಯ ಹಚ್ಚಿದರೆ ಮುಗೀತು. ಅಮಾರೆ ಇದ್ದದ್ದು ಅಮಂದೀ ಆಗುತ್ತದೆ, ಮೊನೇರೆ ಮೊನೆಂದೀ, ಲೆಗೆರೆ ಲೆಗೆಂದೀ, ಕಪೆರೆ ಕಪಿಯೆಂದೀ, ಔದೀರೆ ಔದಿಯೆಂದೀ. ‘ಹೋಗು’ ಎಂಬ ಈರೆ ಮಾತ್ರ ಎಯುಂದೀ ಎಂದು ಹಾದಿ ತಪ್ಪುತ್ತದೆ. ಅಮಾರೆಯ ದೀರ್ಘ ‘ಮಾ’ ಅಮಂದೀಯಲ್ಲಿ ಹ್ರಸ್ವವಾಯಿತು, ಗಮನಿಸಿದ್ರಾ? ‘ಂದ್’ ಮುಂದೆ ಬಂದಾಗ ಹಿಂದಿನ ದೀರ್ಘ ಕುಗ್ಗುತ್ತದೆ. ರೋಮನ್ ಅಕ್ಷರದಲ್ಲಿ ಕಲಿಯುವವರು ಇದಕ್ಕೆ ತಲೆ ಮೇಲೆ ಗೆರೆ ಎಳೆದು ನೆನಪಿಡಬೇಕು. ನಮ್ಮ ಲಿಪಿಯಲ್ಲಿ ಎ–ಏ, ಒ–ಓ ಬೇರೆ ಬೇರೆ ಇರುವುದರಿಂದ ಬರೆದರೇ ಕಾಣುತ್ತದೆ. ನೋಟ್ಸ್ ಕನ್ನಡದಲ್ಲೇ ಮಾಡಿಕೊಳ್ಳಿ.

ನಿಮ್ಮ ಎರಡನೇ ಪ್ರಶ್ನೆ ಸಣ್ಣದು, ಅದನ್ನ ಮೊದಲು ಮುಗಿಸ್ತೀನಿ. ಜೆರಂಡ್ ನಪುಂಸಕ, ಏಕವಚನ ಮಾತ್ರ, ಅದಕ್ಕೆ ಪ್ರಥಮಾ ವಿಭಕ್ತಿಯೇ ಇಲ್ಲ. ಷಷ್ಠಿ ಲೆಗೆಂದೀ, ಚತುರ್ಥಿ ಲೆಗೆಂದೋ, ದ್ವಿತೀಯೆ ಲೆಗೆಂದುಮ್, ‘ಇಂದ’ ಎಂಬರ್ಥದ ಅಬ್ಲೇಟಿವ್ ವಿಭಕ್ತಿ ಮತ್ತೆ ಲೆಗೆಂದೋ. ಆ ದ್ವಿತೀಯೆಯೂ ಒಂಟಿಯಾಗಿ ಬರಂಗಿಲ್ಲ, ‘-ಕ್ಕೆ’ ಎಂಬರ್ಥದ ‘ಅದ್’ ಥರದ ಪದದ ಬೆನ್ನಿಗೇ ಬರಬೇಕು. ಖಾಲಿ ಉಳಿದ ಜಾಗವನ್ನು ಇನ್ಫಿನಿಟಿವ್, ಅಂದರೆ ಲೆಗೆರೆಯಂಥ ಮೂಲ ರೂಪ, ತುಂಬುತ್ತದೆ. ಹಾಗಾಗಿ ‘ಓದುವುದು ಒಳ್ಳೆಯದು’ ಅಂದರೆ ‘ಲೆಗೆರೆ ಬೊನುಮ್ ಎಸ್ತ್’, ‘ಓದುವುದನ್ನು ಇಷ್ಟಪಡುತ್ತೇನೆ’ ಅಂದರೆ ‘ಲೆಗೆರೆ ಅಮೋ’. ‘ಲೆಗೆಂದುಮ್ ಎಸ್ತ್’ ಅಂತ ಬರೆದರೆ ಓದುವವರಿಗೆ ‘ಓದಬೇಕು’ ಅಂತಲೇ ಕೇಳಿಸುತ್ತದೆ.

ಈಗ ನಿಜವಾದ ಗಂಟು. ‘ಪುಸ್ತಕಗಳನ್ನು ಓದುವುದಕ್ಕೆ’ ಎನ್ನುವಾಗ ಕನ್ನಡದಲ್ಲಿ ‘ಕ್ಕೆ’ ಅಂಟುವುದು ‘ಓದುವುದು’ ಎಂಬುದಕ್ಕೆ. ಪುಸ್ತಕ ತನ್ನ ‘ಅನ್ನು’ ಹಿಡಿದುಕೊಂಡು ಸುಮ್ಮನಿರುತ್ತದೆ. ಲ್ಯಾಟಿನ್ ಇದನ್ನು ತಿರುಗಿಸುತ್ತದೆ. ಇಡೀ ಪದಪುಂಜಕ್ಕೆ ಬರಬೇಕಾದ ವಿಭಕ್ತಿಯನ್ನು ಪುಸ್ತಕದ ತಲೆಗೆ ಕಟ್ಟಿ, ಓದುವ ಕ್ರಿಯೆಯನ್ನು ಅದರ ವಿಶೇಷಣ ಮಾಡಿ, ಲಿಂಗ ವಚನ ವಿಭಕ್ತಿ ಮೂರನ್ನೂ ಹೊಂದಿಸುತ್ತದೆ. ಈ ಕೆಲಸದಲ್ಲಿ ಜೆರಂಡಿವ್‌ಗೆ ‘ಬೇಕು’ ಎಂಬ ಅರ್ಥ ಇಲ್ಲವೇ ಇಲ್ಲ. ಅದು ಬರೀ ಹೊಂದಾಣಿಕೆಯ ವೇಷ. ‘ಬೇಕು’ ಮುಖ್ಯವಾಗಿ ಬರುವುದು ‘ಎಸ್ತ್’, ‘ಎರತ್’ನಂಥ ‘ಇರು’ ಕ್ರಿಯಾಪದ ಜೊತೆಗಿದ್ದಾಗ. ಎರಡನ್ನೂ ಒಂದೇ ಹೆಸರಿನಡಿ ಒಂದೇ ಪುಟದಲ್ಲಿ ಕಲಿಸುವುದೇ ಈ ಗೊಂದಲದ ಮೂಲ ಅಂತ ನನ್ನ ಅನಿಸಿಕೆ.

ಹೊಲಕ್ಕೆ ನೀರು ಹಾಯಿಸುವ ‘ರಿಗಾರೆ’ ಹಿಡಿದು ನೋಡ್ರಿ. ಕರ್ಮ ಇಲ್ಲದಾಗ ‘ಅದ್ ರಿಗಂದುಮ್’, ನೀರು ಹಾಯಿಸಲು. ಹೊಲಗಳು ಬಂದ ಕೂಡಲೇ ‘ಅದ್ ಅಗ್ರೋಸ್ ರಿಗಂದೋಸ್’. ‘ಸಲುವಾಗಿ’ ಎಂಬ ಕೌಸಾ ಷಷ್ಠಿ ಬೇಡುತ್ತದೆ, ಮತ್ತು ನಮ್ಮ ‘ಸಲುವಾಗಿ’ಯ ಹಾಗೇ ಹಿಂದೆ ಬರುತ್ತದೆ: ‘ಅಗ್ರೋರುಮ್ ರಿಗಂದೋರುಮ್ ಕೌಸಾ’. ‘ಹಾಯಿಸುವುದರಿಂದ’ ಎನ್ನಲು ‘ಅಗ್ರೀಸ್ ರಿಗಂದೀಸ್’. ಮೊದಲು ಕರ್ಮ ಇದೆಯೋ ಇಲ್ಲವೋ ನೋಡಿ, ಇದ್ದರೆ ಅದಕ್ಕೆ ವಿಭಕ್ತಿ ಹಚ್ಚಿ, ಕೊನೆಗೆ ‘ಂದ್’ ರೂಪ ಹೊಂದಿಸಿ. ಈ ಕ್ರಮ ತಲೆಕೆಳಗಾದರೆ ತಪ್ಪು ಖಾತ್ರಿ.

ಅಭ್ಯಾಸಕ್ಕೆ ನಪುಂಸಕ ಏಕವಚನ ಆರಿಸಬೇಡಿ. ‘ಅದ್ ಫ್ಲೂಮೆನ್ ತ್ರಾನ್ಸೆಯುಂದುಮ್’, ಹೊಳೆ ದಾಟಲು. ಇದನ್ನು ಜೆರಂಡ್ ಅಂದುಕೊಂಡು ಬರೆದರೂ ಜೆರಂಡಿವ್ ಅಂದುಕೊಂಡು ಬರೆದರೂ ರೂಪ ಒಂದೇ, ನಿಮ್ಮ ತಪ್ಪು ಸಿಕ್ಕಿಬೀಳುವುದಿಲ್ಲ. ‘ಅದ್ ರೀವೋಸ್ ತ್ರಾನ್ಸೆಯುಂದೋಸ್’ ಅಂತ ಹಳ್ಳಗಳನ್ನು ದಾಟಿಸಿ, ಆಗ ಗೊತ್ತಾಗುತ್ತದೆ.

ಮೂರನೆಯದಕ್ಕೆ ಉತ್ತರ ನಿಮ್ಮ ಸಂಸ್ಕೃತದಲ್ಲೇ ಐತಿ. ‘ಮಯಾ ಗಂತವ್ಯಮ್’ ಅನ್ನುವಾಗ ಹೇಳುವವನು ಗಂಡಸೋ ಹೆಂಗಸೋ ಕೇಳುತ್ತೀರಾ? ಕರ್ಮ ಹೇಳಿಲ್ಲ, ಭಾವೇ ಪ್ರಯೋಗ, ಹೊಂದಿಕೊಳ್ಳಲು ಯಾವ ನಾಮಪದವೂ ಇಲ್ಲ, ಆದ್ದರಿಂದ ನಪುಂಸಕ ಏಕವಚನ. ‘ಎಯುಂದುಮ್’ ಕಥೆಯೂ ಅದೇ. ಸಂಸ್ಕೃತ ‘ಮಯಾ’ ಎಂದು ತೃತೀಯೆ ಹಾಕುವ ಕಡೆ ಲ್ಯಾಟಿನ್ ‘ಮಿಹಿ’ ಎಂದು ಚತುರ್ಥಿ ಹಾಕುತ್ತದೆ, ಅಷ್ಟೇ. ಅದಂತೂ ನಮ್ಮ ‘ನನಗೆ ಹೋಗಬೇಕಾಗಿದೆ’ಗೆ ಇನ್ನೂ ಹತ್ತಿರ. ಕರ್ಮ ಇದ್ದರೆ ಅದೇ ಪ್ರಥಮೆಗೆ ಬಂದು ಕೂರುತ್ತದೆ: ‘ಮಿಹಿ ಲಿಬೆರ್ ಲೆಗೆಂದುಸ್ ಎಸ್ತ್’, ‘ಮಿಹಿ ಎಪಿಸ್ತುಲ ಸ್ಕ್ರೀಬೆಂದ ಎಸ್ತ್’. ಕಾಲ ಬದಲಿಸಲು ‘ಎಸ್ತ್’ ಒಂದನ್ನೇ ಮುಟ್ಟಿ. ‘ಎರತ್’ ಅಂದರೆ ‘ಬೇಕಿತ್ತು’, ‘ಎರಿತ್’ ಅಂದರೆ ‘ಬೇಕಾಗುತ್ತದೆ’.

ಔಷಧಿ ಡಬ್ಬಿ ಉತ್ತರ:

ಆನೆಗೊಂದಿಯವರು ಹೇಳಿದ ‘ಬೇಕು’ ಇರುವ ಜೆರಂಡಿವ್ ಬಳ್ಳಾರಿಯ ಪ್ರತಿ ಮೆಡಿಕಲ್ ಶಾಪಿನಲ್ಲೂ ಇದೆ. ಡಾಕ್ಟರ ಚೀಟಿಯಲ್ಲಿ ‘ಟಿಡಿಎಸ್’ ಎಂದಿರುತ್ತದಲ್ಲ, ತೆರಿಗೆ ಕಡಿತದ್ದಲ್ಲ, ಅದು ‘ತೆರ್ ದಿಯೇ ಸೂಮೆಂದುಮ್’, ದಿನಕ್ಕೆ ಮೂರು ಸಲ ತೆಗೆದುಕೊಳ್ಳಬೇಕಾದದ್ದು. ನಾಲ್ಕು ಸಲವಾದರೆ ‘ಕ್ವತೆರ್ ದಿಯೇ ಸೂಮೆಂದುಮ್’, ಕ್ಯೂಡಿಎಸ್. ಕೊನೆಯ ‘ಎಸ್’ ಇಡೀ ಜೆರಂಡಿವ್‌ನ ಬಾಲ. ಔಷಧ ಎಂಬ ನಪುಂಸಕ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ‘ಸೂಮೆಂದುಮ್’. ಮಾತ್ರೆ, ‘ಪಿಲುಲ’, ಸ್ತ್ರೀಲಿಂಗ. ಅದನ್ನು ಹೆಸರಿಸಿದರೆ ‘ಸೂಮೆಂದ’, ಹಲವು ಮಾತ್ರೆಯಾದರೆ ‘ಸೂಮೆಂದೈ’. ‘ಎಸ್ತ್’ ಬರೆದಿಲ್ಲ, ಆದರೂ ಅರ್ಥ ಅದೇ.

ಗ್ರಾಮ ಪಂಚಾಯಿತಿ ಸಭೆಯ ಅಜೆಂಡಾ ಕೂಡ ಇದೇ ಜಾತಿ. ‘ಅಗೆಂದುಮ್’ ಮಾಡಬೇಕಾದ ಒಂದು ಕೆಲಸ, ‘ಅಗೆಂದ’ ಅದರ ಬಹುವಚನ. ಜ್ಯಾಮಿತಿಯಲ್ಲಿ ಪ್ರಮೇಯದ ಕೊನೆಗೆ ಬರೆಯುವ ಕ್ಯೂಇಡಿ ಬಿಡಿಸಿದರೆ ‘ಕ್ವೊದ್ ಎರತ್ ದೇಮೋನ್ಸ್ತ್ರಂದುಮ್’, ‘ಯಾವುದನ್ನು ತೋರಿಸಬೇಕಿತ್ತೋ ಅದು’. ಮೇಲೆ ಹೇಳಿದ ‘ಎರತ್’ ಇಲ್ಲಿ ಕೆಲಸ ಮಾಡುವುದು ನೋಡಿ.

ಕ್ರೈಂ ಸುದ್ದಿಯ ‘ಮೊದುಸ್ ಒಪೆರಂದೀ’ ಮಾತ್ರ ಜೆರಂಡ್, ‘ಕೆಲಸ ಮಾಡುವ ರೀತಿ’. ಅಲ್ಲಿ ಹೊಂದಾಣಿಕೆ ಇಲ್ಲ, ಬರೀ ಷಷ್ಠಿ. ರೀತಿಗಳು ಹಲವಾದರೆ ‘ಮೊದೀ ಒಪೆರಂದೀ’. ಮೊದಲನೆಯದು ಬದಲಾಗುತ್ತದೆ, ಎರಡನೆಯದು ಅಲುಗಾಡುವುದಿಲ್ಲ. ಜೆರಂಡೋ ಜೆರಂಡಿವೋ ಎಂದು ಅನುಮಾನ ಬಂದಾಗ ಪಕ್ಕದ ಪದದ ವಚನ ಬದಲಿಸಿ ನೋಡಿ.

ಕರಿಜಾಲಿ, ರಾಯಚೂರು, ಉತ್ತರ:

ಎರಡು ಉತ್ತರವೂ ಸರಿ. ಆದರೆ ‘ಕರ್ಮ ಬಂದ ಕೂಡಲೇ ಜೆರಂಡಿವ್’ ಎಂಬುದನ್ನು ಕಲ್ಲಿನಲ್ಲಿ ಕೆತ್ತಬೇಡಿ. ‘ಅದ್’ ಮುಂತಾದ ಪದಗಳ ಜೊತೆಗೆ ಮತ್ತು ಚತುರ್ಥಿಯಲ್ಲಿ ಅದು ಕಟ್ಟುನಿಟ್ಟು. ಷಷ್ಠಿಯಲ್ಲೂ, ಮುಂದೆ ಯಾವ ಪದವೂ ಇಲ್ಲದ ಅಬ್ಲೇಟಿವ್‌ನಲ್ಲೂ ಜೆರಂಡ್ ತನ್ನ ಕರ್ಮವನ್ನು ದ್ವಿತೀಯೆಯಲ್ಲಿ ಇಟ್ಟುಕೊಳ್ಳಬಹುದು. ‘ಅಗ್ರೋರುಮ್ ರಿಗಂದೋರುಮ್’ ಎಂದು ಎರಡು ‘ಓರುಮ್’ ಗುಡುಗುವ ಬದಲು ‘ಅಗ್ರೋಸ್ ರಿಗಂದೀ ಕೌಸಾ’ ಎಂದರೆ ಕಿವಿಗೂ ಹಿತ.

ಕರ್ಮ ನಪುಂಸಕ ಸರ್ವನಾಮವಾದರೆ ಜೆರಂಡನ್ನೇ ಉಳಿಸಿಕೊಳ್ಳುವುದು ರೂಢಿ. ‘ಏನನ್ನಾದರೂ ಮಾಡುವ’ ಎನ್ನಲು ‘ಅಲಿಕ್ವಿದ್ ಫಕಿಯೆಂದೀ’. ಇದನ್ನು ಷಷ್ಠಿಗೆ ತಂದರೆ ‘ಅಲಿಕುಯುಸ್’ ಆಗುತ್ತದೆ, ಅದು ‘ಯಾರದೋ’ ಅಥವಾ ‘ಯಾವುದರದೋ’ ಎಂದು ತಿಳಿಯುವುದಿಲ್ಲ. ಇನ್ನೊಂದು ವಿಚಿತ್ರ: ‘ತಮ್ಮನ್ನು ಉಳಿಸಿಕೊಳ್ಳುವ ಸಲುವಾಗಿ’ ಎನ್ನಲು ‘ಸುಈ ಕೋನ್ಸೆರ್ವಂದೀ ಕೌಸಾ’. ಉಳಿಸಿಕೊಳ್ಳುವವರು ನೂರು ಜನ ಹೆಂಗಸರಾದರೂ ‘ಕೋನ್ಸೆರ್ವಂದೀ’ ಏಕವಚನದಲ್ಲೇ ಇರುತ್ತದೆ.

ಚತುರ್ಥಿಯ ಕರ್ತೃವಿನಲ್ಲಿ ಒಂದು ಗುಂಡಿಯಿದೆ. ಎಡದಂಡೆ ಕಾಲುವೆಯ ಕೊನೆ ಭಾಗದ ಮಾತನ್ನೇ ತೆಗೆದುಕೊಳ್ಳಿ: ‘ನಮ್ಮ ಹೊಲಗಳಿಗೆ ನೀವು ನೀರು ಕೊಡಬೇಕು’. ಹೊಲ ಹೇಗೂ ಚತುರ್ಥಿ, ‘ನೀವು’ ಕೂಡ ಚತುರ್ಥಿಯಾದರೆ ಯಾರು ಯಾರಿಗೆ ಕೊಡಬೇಕು? ಆಗ ಕರ್ತೃವಿಗೆ ‘ಇಂದ’ ಎಂಬರ್ಥದ ಲ್ಯಾಟಿನ್ ‘ಆ’ ಸೇರಿಸಿ ಅಬ್ಲೇಟಿವ್ ಮಾಡುತ್ತಾರೆ. ಸಿಸೆರೋ ಕ್ರಿ.ಪೂ. 66ರ ಭಾಷಣವೊಂದರಲ್ಲಿ ‘ಕ್ವಿಬುಸ್ ಎಸ್ತ್ ಆ ವೋಬೀಸ್ ... ಕೋನ್ಸುಲೆಂದುಮ್’, ‘ಅವರ ಹಿತವನ್ನು ನೀವು ನೋಡಬೇಕು’, ಎಂದದ್ದು ಇದೇ ಕಾರಣಕ್ಕೆ. ಆ ಕ್ರಿಯಾಪದ ತಾನೇ ಚತುರ್ಥಿ ಬೇಡುವಂಥದ್ದು.

‘ಬೇಕು’ ಮಸುಕಾಗುವ ಇನ್ನೊಂದು ಜಾಗ ‘ಕೂರಾರೆ’, ಅಂದರೆ ವ್ಯವಸ್ಥೆ ಮಾಡು. ಸೀಸರ್ ‘ಪೊಂತೆಮ್ ... ಫಕಿಯೆಂದುಮ್ ಕೂರತ್’ ಎನ್ನುತ್ತಾನೆ, ‘ಸೇತುವೆ ಕಟ್ಟಿಸುತ್ತಾನೆ’. ನಮ್ಮ ‘ಇಸು’ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಜೆರಂಡಿವ್ ಮಾಡುತ್ತದೆ.

ಸಸ್ಯಶಾಸ್ತ್ರ ಓದುವವರು ‘ನೋಮೆನ್ ಕೋನ್ಸೆರ್ವಂದುಮ್’ ಕಂಡಿರುತ್ತೀರಿ, ನಿಯಮ ಮೀರಿಯಾದರೂ ಉಳಿಸಿಕೊಳ್ಳಬೇಕಾದ ಹೆಸರು. ಬಹುವಚನ ‘ನೋಮಿನ ಕೋನ್ಸೆರ್ವಂದ’, ಹೆಸರು ಯಾವುದಕ್ಕೆ ಸಲ್ಲಬೇಕೆಂದು ನಿಗದಿ ಮಾಡುವ ಮಾದರಿಯಾದರೆ ಪುಲ್ಲಿಂಗದ ‘ತಿಪುಸ್ ಕೋನ್ಸೆರ್ವಂದುಸ್’. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಅಕೇಸಿಯಾ ಎಂಬ ಕುಲದ ಹೆಸರಿಗೆ ಆಸ್ಟ್ರೇಲಿಯಾದ ಮಾದರಿ ಹೀಗೆ ನಿಂತದ್ದರಿಂದಲೇ, ಮೊದಲು ಅಕೇಸಿಯಾ ಆಗಿದ್ದ ನಮ್ಮ ಕರಿಜಾಲಿ ಮರ ಈಗ ವಾಚೆಲಿಯಾ ಆಗಿದೆ. ಬಳ್ಳಾರಿ ಜಾಲಿಯ ಕಥೆ ಬೇರೆ, ಅದನ್ನು ಇಲ್ಲಿ ಎಳೆಯಬೇಡಿ.

ಕಂಪ್ಲಿ ಓದುಗ:

ತುಂಬಾ ಉಪಕಾರ ಆಯ್ತ್ರೀ. ನಾಲ್ಕು ವಾಕ್ಯ ಮಾಡಿದ್ದೇವೆ, ತಿದ್ದಿ ಕೊಡಿ.
‘ಪತ್ರ ಬರೆಯುವ ಸಲುವಾಗಿ ಕೂತಿದ್ದಾನೆ’: ಎಪಿಸ್ತುಲೈ ಸ್ಕ್ರೀಬೆಂದೀ ಕೌಸಾ ಸೆದೆತ್.
‘ಓದಿ ಓದಿ ಕಲಿಯುತ್ತೇನೆ’: ಲೆಗೇನ್ಸ್ ದಿಸ್ಕೋ.
‘ನಮ್ಮ ಹೊಲಗಳಿಗೆ ನೀವು ನೀರು ಕೊಡಬೇಕು’: ಅಗ್ರೀಸ್ ನೊಸ್ತ್ರೀಸ್ ಆ ವೋಬೀಸ್ ಅಕ್ವ ದಂದ ಎಸ್ತ್.
‘ಈ ಪುಸ್ತಕ ಓದಬೇಕಿಲ್ಲ’: ಹಿಕ್ ಲಿಬೆರ್ ನೋನ್ ಲೆಗೆಂದುಸ್ ಎಸ್ತ್.

ಆನೆಗೊಂದಿ:

ಮೂರನೆಯದಕ್ಕೆ ಪೂರ್ತಿ ಮಾರ್ಕು.

ಮೊದಲನೆಯದರಲ್ಲಿ ಅರ್ಧ ದಾರಿಗೆ ನಿಂತಿದ್ದೀರಿ. ಪತ್ರಕ್ಕೆ ಷಷ್ಠಿ ಹಚ್ಚಿದಿರಿ, ಬರೆಯುವುದನ್ನು ಜೆರಂಡ್ ಆಗಿಯೇ ಬಿಟ್ಟಿರಿ. ಒಂದೋ ‘ಎಪಿಸ್ತುಲೈ ಸ್ಕ್ರೀಬೆಂದೈ’, ಇಲ್ಲಾ ಕರಿಜಾಲಿಯವರು ಹೇಳಿದ ಹಾಗೆ ‘ಎಪಿಸ್ತುಲಮ್ ಸ್ಕ್ರೀಬೆಂದೀ’. ಎರಡನ್ನೂ ಕಲಸಿದರೆ ಓದುವವರು ತಡವರಿಸ್ತಾರೆ.

ಎರಡನೆಯದರಲ್ಲಿ ‘ಲೆಗೇನ್ಸ್’ ಅಂದರೆ ‘ಓದುತ್ತಾ ಇರುವ’, ಓದುವವನ ವಿಶೇಷಣ, ಕೃದಂತ. ಕಲಿಕೆ ಆಗುವುದು ಓದುವುದರಿಂದ, ಅದು ಸಾಧನ, ಆದ್ದರಿಂದ ‘ಲೆಗೆಂದೋ ದಿಸ್ಕೋ’. ಇಂಗ್ಲಿಷಿನ ಮೂಲಕ ಕಲಿಯುವವರು ಈ ತಪ್ಪು ಹೆಚ್ಚು ಮಾಡ್ತಾರೆ, ಅಲ್ಲಿ ಎರಡಕ್ಕೂ ಒಂದೇ ‘ಇಂಗ್’. ನೀವು ‘ಓದುತ್ತಾ’ನೋ ‘ಓದುವುದರಿಂದ’ನೋ ಅಂತ ಮೊದಲು ಕನ್ನಡದಲ್ಲಿ ಕೇಳಿಕೊಳ್ಳಿ, ಉತ್ತರ ಸಿಗುತ್ತದೆ.

ನಾಲ್ಕನೆಯದು ವ್ಯಾಕರಣದಲ್ಲಿ ಸರಿ, ಅರ್ಥದಲ್ಲಿ ಉಲ್ಟಾ. ನೀವು ಬರೆದದ್ದು ‘ಈ ಪುಸ್ತಕ ಓದಬಾರದು’. ಜೆರಂಡಿವ್ ಮುಂದಿನ ‘ನೋನ್’ ನಮ್ಮ ‘ಬಾರದು’, ‘ಬೇಕಿಲ್ಲ’ ಅಲ್ಲ. ಬೇಕಿಲ್ಲ ಅನ್ನಲು ಇನ್ಫಿನಿಟಿವ್‌ಗೆ ಹೋಗಿ: ‘ಹುಂಕ್ ಲಿಬ್ರುಮ್ ಲೆಗೆರೆ ನೋನ್ ನೆಕೆಸ್ಸೆ ಎಸ್ತ್’.

ಕರಿಜಾಲಿ:

ಅದಕ್ಕೊಂದು ಬಾಲಂಗೋಚಿ. ‘ನೋನ್’ ಅಥವಾ ‘ಕಷ್ಟಪಟ್ಟು’ ಎಂಬರ್ಥದ ‘ವಿಕ್ಸ್’ ಜೊತೆಗೆ ಕೆಲವು ಜೆರಂಡಿವ್‌ಗಳು ‘ಬಾರದು’ ಎಂಬುದನ್ನೂ ದಾಟಿ ‘ಆಗದು’ ಎಂಬ ಅರ್ಥಕ್ಕೆ ಹೋಗುತ್ತವೆ. ಸಹಿಸು ಎಂಬ ‘ಫೆರ್ರೆ’ಯಿಂದ ‘ನೋನ್ ಫೆರೆಂದುಸ್’, ಸಹಿಸಲಾಗದ. ರಾಯಚೂರಿನ ಮೇ ತಿಂಗಳಿಗೆ ‘ಕಲೊರ್ ನೋನ್ ಫೆರೆಂದುಸ್’ ಎಂದು ಬರೆದುಕೊಳ್ಳಿ. ‘ಕಲೊರ್’ ಪುಲ್ಲಿಂಗ, ಅದಕ್ಕೇ ‘ದುಸ್’.