‘ಕಾರ್ವ್’ ಎಂದರೆ ಕೆತ್ತುವುದೇ, ಕೊಯ್ಯುವುದೇ, ಬಿಡಿಸುವುದೇ?

ಪುಣೆಯಿಂದ ಪ್ರಶ್ನೆ

ನಮಸ್ಕಾರ. ಇಲ್ಲಿನ ಒಂದು ಹೋಟೆಲಿನ ಅಡುಗೆಮನೆಗೆ ಕ್ರಿಸ್‌ಮಸ್ ಬಫೆಯ ಕೆಲಸದ ಸೂಚನೆಗಳನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. ಓದುವವರು ಕುಂದಾಪುರ, ಕಾರ್ಕಳ, ವಿಜಯಪುರ ಕಡೆಯ ಹುಡುಗರು. ಇಡಿಯಾಗಿ ರೋಸ್ಟ್ ಮಾಡಿದ ಟರ್ಕಿ ಕೋಳಿಯನ್ನು ಅತಿಥಿಗಳ ಎದುರಿಗೇ ತುಂಡು ಮಾಡಿ ಬಡಿಸುವ ಭಾಗದಲ್ಲಿ ಕೈಕಟ್ಟಿದಂತಾಗಿದೆ. ‘ಕಾರ್ವ್’ಗೆ ‘ಕೆತ್ತು’ ಎಂದು ಬರೆದರೆ ಬೇಲೂರಿನ ಶಿಲ್ಪಿ ಉಳಿ ಹಿಡಿದು ಕೋಳಿಯ ಮುಂದೆ ಕೂತಂತೆ ಕಾಣುತ್ತದೆ. ‘ಹೆಚ್ಚು’ ತರಕಾರಿಯದು, ‘ಕೊಚ್ಚು’ ಖೀಮಾದ್ದು, ‘ಕಡಿ’ ಎಂದರೆ ಹುಡುಗರು ನೇರ ಮಚ್ಚಿಗೆ ಕೈ ಹಾಕುತ್ತಾರೆ. ಇನ್ನು ‘ರೆಸ್ಟ್’, ‘ಸ್ಟಫಿಂಗ್’, ‘ಡಾರ್ಕ್ ಮೀಟ್’ ಇವಕ್ಕೆಲ್ಲ ಏನು ಮಾಡುವುದು? ಹಳೆಯ ಪ್ರತಿಯಲ್ಲಿ ‘ಡ್ರಮ್‌ಸ್ಟಿಕ್’ಗೆ ನುಗ್ಗೆಕಾಯಿ ಎಂದೇ ಇದೆ! ತಿಳಿದವರು ದಯವಿಟ್ಟು ತಿಳಿಸಿ.

ಮುಂಬಯಿಯಿಂದ ಉತ್ತರ

ಮೇಡಂ, ‘ಕೆತ್ತು’ ಬೇಡವೇ ಬೇಡ. ಕಲ್ಲು ಕೆತ್ತುವಾಗ ಉದುರಿದ ಚೂರು ಕಸ, ಉಳಿದದ್ದು ವಿಗ್ರಹ. ಇಲ್ಲಿ ಅದು ತಿರುಗಾಮುರುಗಾ. ಕೊಯ್ದು ಬಿದ್ದದ್ದೇ ಊಟ, ಉಳಿದ ಎಲುಬಿನ ಗೂಡು ಮರುದಿನದ ಸೂಪಿಗೆ.

ಇಂಗ್ಲಿಷಿನವರು ಎರಡು ಬೇರೆ ಕೆಲಸಕ್ಕೆ ಒಂದೇ ಹೆಸರಿಟ್ಟಿರುವುದೇ ತೊಡಕಿನ ಮೂಲ. ಕಾಲು, ತೊಡೆ, ರೆಕ್ಕೆಗಳನ್ನು ಸಂದಿನಲ್ಲಿ ಬೇರ್ಪಡಿಸುವುದು ಒಂದು. ಎದೆಯ ಮಾಂಸವನ್ನು ತೆಳ್ಳಗೆ ಹೋಳು ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮಲ್ಲಿ ಬಂಗಾರದಂಥ ಮಾತಿದೆ: ಬಿಡಿಸು. ಹಲಸಿನ ತೊಳೆ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಶಾಲೆಯಲ್ಲಿ ಸಂಧಿ ಬಿಡಿಸಿ ಬರೆಯುತ್ತೇವೆ. ಎಲ್ಲಿ ಕೂಡಿದೆಯೋ ಅಲ್ಲೇ ಬೇರೆ ಮಾಡಬೇಕು, ಬಲ ಹಾಕಿ ಮುರಿಯಬಾರದು ಎಂಬ ಬುದ್ಧಿವಾದ ಆ ಪದದೊಳಗೇ ಇದೆ. ಎರಡನೆಯದಕ್ಕೆ ‘ಕೊಯ್ಯು’ ಸಾಕು. ಹಾಗಾಗಿ ‘ಸಂದು ಬಿಡಿಸಿ, ಎದೆ ಕೊಯ್ಯಿರಿ’ ಎಂದು ಎರಡಾಗಿಯೇ ಬರೆಯಿರಿ.

ಬಿಡಿಸುವ ಕ್ರಮ ಹೀಗೆ. ಕೋಳಿಯನ್ನು ಎದೆ ಮೇಲಾಗಿ ಇಟ್ಟು, ಕಟ್ಟಿದ ದಾರ ತೆಗೆಯಬೇಕು. ತೊಡೆಗೂ ಎದೆಗೂ ನಡುವೆ ಬರಿಯ ಚರ್ಮವನ್ನಷ್ಟೇ ಸೀಳಿ, ಕಾಲನ್ನು ಅಂಗೈಯಿಂದ ಹೊರಕ್ಕೆ ಒತ್ತಿದರೆ ಟಕ್ಕೆಂದು ಕೀಲು ಕಳಚುತ್ತದೆ. ಬೆಳ್ಳಗೆ ಹೊಳೆಯುವ ಗುಂಡು ಎಲುಬಿನ ತಲೆ ಕಾಣುತ್ತದೆ. ಚಾಕು ಹೋಗಬೇಕಾದ್ದು ಅದರ ಬಗಲಿಗೆ. ಗಟ್ಟಿ ತಗುಲಿತೋ, ಒತ್ತುವುದನ್ನು ನಿಲ್ಲಿಸಿ ಅರ್ಧ ಬೆರಳಿನಷ್ಟು ಸರಿಸಿ ನೋಡಬೇಕು. ಸರಿಯಾದ ಜಾಗದಲ್ಲಿ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಮಚ್ಚು ಬೀಸಿದರೆ ಎಲುಬು ಸಿಡಿದು ಚೂರು ಮಾಂಸದಲ್ಲಿ ಸೇರುತ್ತದೆ. ಕೋಳಿ ಸುಕ್ಕದಲ್ಲಿ ಅದನ್ನು ಆರಿಸಿ ತಿನ್ನುತ್ತೇವೆ, ಫೋರ್ಕ್ ಹಿಡಿದವರ ಬಾಯಿಗೆ ಅದು ಹೋಗಬಾರದು.

ಆಮೇಲೆ ತೊಡೆ ಮತ್ತು ಕಾಲು. ಇವೆರಡರ ನಡುವೆ, ಒಳಮಗ್ಗುಲಲ್ಲಿ, ಕೊಬ್ಬಿನ ಒಂದು ಬಿಳಿ ಗೆರೆ ಇರುತ್ತದೆ. ಕೀಲು ಇರುವುದು ಆ ಗೆರೆಯ ಕೆಳಗೇ. ಇಲ್ಲಿ ಪದದ ಬಗ್ಗೆ ಎಚ್ಚರ ಬೇಕು. ‘ಲೆಗ್ ಪೀಸ್’ ಎಂದರೆ ಕೆಲವರಿಗೆ ಎರಡೂ ಸೇರಿದ್ದು, ಕೆಲವರಿಗೆ ಕೆಳಗಿನದು ಮಾತ್ರ. ಮೇಲಿನದಕ್ಕೆ ‘ತೊಡೆ’, ಕೆಳಗಿನದಕ್ಕೆ ‘ಟಂಗ್ಡಿ’ ಎಂದು ಬರೆದರೆ ಮುಂಬಯಿ–ಪುಣೆಯ ಯಾವ ಹುಡುಗನೂ ತಪ್ಪುವುದಿಲ್ಲ. ನುಗ್ಗೆಕಾಯಿ ಸಾಂಬಾರಿಗೇ ಇರಲಿ. ಟರ್ಕಿಯ ಟಂಗ್ಡಿಯಲ್ಲಿ ಕಡ್ಡಿಯಂಥ ಗಟ್ಟಿ ನರಗಳಿರುತ್ತವೆ, ಬ್ರಾಯ್ಲರ್ ಕೋಳಿಯಲ್ಲಿ ಹೀಗಿರುವುದಿಲ್ಲ. ಅದಕ್ಕೇ ಟಂಗ್ಡಿಯನ್ನು ನಿಲ್ಲಿಸಿ ಹಿಡಿದು ಎಲುಬಿನ ಉದ್ದಕ್ಕೆ ಮಾಂಸ ಕೊಯ್ದು, ಕಡ್ಡಿಗಳನ್ನು ಎಳೆದು ಹಾಕಬೇಕು.

ಎದೆಗೆ ಎರಡು ದಾರಿಗಳಿವೆ. ರೆಕ್ಕೆಯ ಮೇಲೆ ಎಲುಬಿನವರೆಗೂ ಒಂದು ಅಡ್ಡ ಗಾಯ ಹಾಕಿ, ಮೇಲಿನಿಂದ ಹೋಳು ಹೋಳಾಗಿ ಇಳಿಸುವುದು ನೋಡಲು ಚೆಂದ. ಆದರೆ ಹೋಳಿನಲ್ಲಿ ಮಾಂಸದ ಎಳೆ ಉದ್ದುದ್ದ ಉಳಿದು ಬಾಯಿಗೆ ನಾರು ನಾರು. ನನ್ನ ಮತ ಎರಡನೆಯದಕ್ಕೆ. ಎದೆಯ ನಡುಮೂಳೆಯ ಒಂದು ಮಗ್ಗುಲಿಗೆ ಚಾಕು ಇಳಿಸಿ, ಪಕ್ಕೆಲುಬಿಗೆ ಅಂಟಿಕೊಂಡೇ ಸಾಗಿ, ಅರ್ಧ ಎದೆಯನ್ನು ಇಡಿಯಾಗಿ ಎತ್ತಬೇಕು. ಅದನ್ನು ಚರ್ಮ ಮೇಲಾಗಿ ಹಲಗೆಯ ಮೇಲಿಟ್ಟು, ಎಳೆಗೆ ಅಡ್ಡವಾಗಿ 6ರಿಂದ 8 ಮಿಲಿಮೀಟರ್ ದಪ್ಪ ಕೊಯ್ದರೆ ಪ್ರತಿ ಹೋಳಿಗೂ ಚರ್ಮದ ಅಂಚು ಸಿಗುತ್ತದೆ. ಕತ್ತಿನ ಬುಡದ ಕವೆಯಂಥ ಎಲುಬನ್ನು ಬೇಯಿಸುವ ಮೊದಲೇ ತೆಗೆದಿಟ್ಟರೆ ಚಾಕು ಎಲ್ಲೂ ತಡೆಯುವುದಿಲ್ಲ. ಚಾಕು 20–25 ಸೆಂಟಿಮೀಟರಿನದು, ತೆಳು ಅಲಗು. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಹಿಡಿದರೆ ಹೋಳಿನ ಅಂಚು ಹರಿದು ಚಿಂದಿಯಾಗುವುದುಂಟು.

‘ರೆಸ್ಟ್’ಗೆ ದಯಮಾಡಿ ‘ಆರಲು ಬಿಡಿ’ ಎಂದು ಬರೆಯಬೇಡಿ. ಬರೆದರೆ ಹುಡುಗ ಫ್ಯಾನಿನ ಕೆಳಗೆ ಇಟ್ಟುಬಿಡುತ್ತಾನೆ. ನಾವು ಕಾಯುವುದು ಆರಲಿ ಎಂದಲ್ಲ. ಓವನ್‌ನಿಂದ ತೆಗೆದ ಮೇಲೂ ಒಳಗಿನ ಕಾವು ಕೆಲವು ಡಿಗ್ರಿ ಏರುತ್ತದೆ. ತೊಡೆಯ ದಪ್ಪ ಭಾಗದಲ್ಲಿ, ಎಲುಬಿಗೆ ತಾಗದಂತೆ ಥರ್ಮಾಮೀಟರ್ ಚುಚ್ಚಿ 74 ಡಿಗ್ರಿ ಸೆಲ್ಸಿಯಸ್ ನೋಡಿ ತೆಗೆದು, 5–6 ಕಿಲೋದ ಕೋಳಿಯಾದರೆ ಅರ್ಧ ಗಂಟೆ ಬಿಡಬೇಕು. ತೆಗೆದ ಕೂಡಲೇ ಕೊಯ್ದರೆ ರಸವೆಲ್ಲ ಹಲಗೆಯ ಮೇಲೆ ಹರಿದು ಹೋಗುತ್ತದೆ. ಕಾದರೆ ಅದು ಮಂದವಾಗಿ ಎಳೆಗಳೊಳಗೇ ನಿಲ್ಲುತ್ತದೆ. ‘ರಸ ಇಂಗಲು ಬಿಡಿ’ ಎನ್ನಿ. ಮಳೆನೀರು ನೆಲಕ್ಕೆ ಇಂಗುವುದು ಯಾರಿಗೆ ಗೊತ್ತಿಲ್ಲ? ಫಾಯಿಲ್ ಸಡಿಲವಾಗಿ ಮುಚ್ಚಬೇಕು. ಬಿಗಿಯಾಗಿ ಸುತ್ತಿದರೆ ಹಬೆ ಕಟ್ಟಿ ಗರಿಗರಿ ಚರ್ಮ ಒದ್ದೆ ಬಟ್ಟೆಯಾಗುತ್ತದೆ.

‘ಡಾರ್ಕ್ ಮೀಟ್’ಗೆ, ಅಂದರೆ ತೊಡೆ–ಟಂಗ್ಡಿಯ ಮಾಂಸಕ್ಕೆ, ‘ಕಪ್ಪು ಮಾಂಸ’ ಎಂದರೆ ಸೀದುಹೋಗಿದೆ ಎಂದುಕೊಳ್ಳುತ್ತಾರೆ. ‘ಕಂದು ಮಾಂಸ’ ಇರಲಿ. ದಿನವಿಡೀ ನಡೆಯುವ ಹಕ್ಕಿಯ ಕಾಲಿನಲ್ಲಿ ಮಯೊಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಹೆಚ್ಚು, ಬಣ್ಣ ಅದರದ್ದು.

ಹಾಂ, ‘ಟರ್ಕಿ ರೋಸ್ಟ್’ ಎಂದು ಮಾತ್ರ ಬರೆಯಬೇಡಿ ಮಾರಾಯ್ರೆ. ಕುಂದಾಪುರದ ಹುಡುಗನಿಗೆ ರೋಸ್ಟ್ ಎಂದರೆ ಘೀ ರೋಸ್ಟ್. ತುಂಡು ಮಾಡಿ ಬ್ಯಾಡಗಿ ಮೆಣಸು ಅರೆಯಲು ಹೊರಟಾನು. ‘ಹುರಿದ’ ಎಂದರೆ ಬಾಣಲೆ, ‘ಸುಟ್ಟ’ ಎಂದರೆ ಕೆಂಡ. ‘ಓವನ್‌ನಲ್ಲಿ ಇಡಿಯಾಗಿ ಬೇಯಿಸಿದ’ ಎಂಬುದು ಉದ್ದವಾದರೂ ಅಪಾಯವಿಲ್ಲ.

ಬಡಿಸುವುದಕ್ಕೆ ಪ್ಲ್ಯಾಟರ್ ಯಾಕೆ, ‘ಹರಿವಾಣ’ ಇದೆಯಲ್ಲ. ಅದನ್ನು ಮೊದಲು ಬಿಸಿ ಮಾಡಿಟ್ಟುಕೊಳ್ಳಬೇಕು. ಒಂದು ಬದಿಗೆ ಎದೆ ಹೋಳು, ಇನ್ನೊಂದು ಬದಿಗೆ ಕಂದು ಮಾಂಸ, ಮೇಲೆ ಒಂದೆರಡು ಸೌಟು ಬಿಸಿ ಸ್ಟಾಕ್. ಎದೆ ಹೋಳು ಐದೇ ನಿಮಿಷದಲ್ಲಿ ಒಣಗಲು ಶುರುವಾಗುವುದರಿಂದ ಒಮ್ಮೆಲೇ ಪೂರ್ತಿ ಕೊಯ್ಯದೆ, ಸಾಲು ಬಂದಂತೆ ಕೊಯ್ಯುವುದು ಲೇಸು. ಎಲುಬು ಸಮೇತ ತಲೆಗೆ 450–500 ಗ್ರಾಂ ಹಸಿ ತೂಕ ಹಿಡಿದರೆ 5.5 ಕಿಲೋದ ಒಂದು ಕೋಳಿ 11–12 ಜನಕ್ಕೆ ಬರುತ್ತದೆ.

ಮಡಗಾಂವ್‌ನಿಂದ

ಸ್ಟಫಿಂಗ್‌ಗೆ ‘ಹೂರಣ’ ಸಾಲದೇ? ಹೋಳಿಗೆಯಿಂದಾಗಿ ಸಿಹಿ ಎನಿಸಬಹುದು, ಆದರೆ ಖಾರದ ಕಡುಬಿಗೂ ಹೂರಣವೇ ತಾನೆ. ನಮ್ಮ ಗೋವೆಯಲ್ಲಿ ‘ರೆಶಾದ್’ ಎನ್ನುತ್ತಾರೆ. ಪೋರ್ಚುಗೀಸಿನಲ್ಲಿ ಅದರರ್ಥ ‘ತುಂಬಿದ್ದು’ ಎಂದಷ್ಟೆ. ಬಂಗುಡೆಗೆ ತುಂಬುವ ಕೆಂಪು ಮಸಾಲೆಗೇ ಈಗ ಅದು ಹೆಸರಾಗಿದೆ, ಹಾಗಾಗಿ ಇಲ್ಲಿ ಬಳಸಿದರೆ ಗೊಂದಲ.

ಇನ್ನೊಂದು ಗೊಂದಲವೂ ಇದೆ. ಪೋರ್ಚುಗೀಸಿನಲ್ಲಿ ಟರ್ಕಿ ಕೋಳಿಗೆ ‘ಪೆರು’ ಎಂದು ಹೆಸರು, ಮರಾಠಿಯಲ್ಲಿ ‘ಪೇರೂ’ ಎಂದರೆ ಸೀಬೆಹಣ್ಣು. ಗೋವೆಯ ಮೆನುವನ್ನು ಪುಣೆಯಲ್ಲಿ ಓದಿದವರಿಗೆ ಸೀಬೆಹಣ್ಣು ಬೇಯಿಸಿದಂತೆ ಕಂಡೀತು. ಹಕ್ಕಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಇಂಗ್ಲಿಷರು ಹೆಸರಿನಲ್ಲಿ ಅದನ್ನು ಟರ್ಕಿ ದೇಶಕ್ಕೆ ಕೊಟ್ಟರು, ಟರ್ಕಿಯವರು ‘ಹಿಂದಿ’ (ಭಾರತದ್ದು) ಎಂದು ನಮ್ಮ ತಲೆಗೆ ಕಟ್ಟಿದರು, ಡಚ್ಚರ ‘ಕಾಲ್ಕೂನ್’ನಲ್ಲಿ ಕಲ್ಲಿಕೋಟೆಯೇ ಕೂತಿದೆ. ನೀವು ‘ಟರ್ಕಿ ಕೋಳಿ’ಯನ್ನೇ ಉಳಿಸಿಕೊಳ್ಳಿ.

ಹೂರಣವನ್ನು ಕೊಯ್ಯುವ ಮೊದಲೇ ಉದ್ದ ಚಮಚದಿಂದ ಹೊರತೆಗೆದು ಬೇರೆ ಬಟ್ಟಲಿಗೆ ಹಾಕಬೇಕು. ಅದರ ನಡುವೆಯೂ 74 ಡಿಗ್ರಿ ಮುಟ್ಟಿರಲೇಬೇಕು. ಹಸಿ ಮಾಂಸದ ರಸವನ್ನೆಲ್ಲ ಹೀರಿರುವುದು ಅದೇ. ತೊಡೆ ಬೆಂದು ಹೂರಣ ಬೇಯದಿದ್ದರೆ, ಹೂರಣವನ್ನಷ್ಟೇ ತಟ್ಟೆಗೆ ಹಾಕಿ ಮತ್ತೆ ಓವನ್‌ಗೆ ಇಡಿ.

ಪುಣೆಯಿಂದ

ಇಬ್ಬರಿಗೂ ಧನ್ಯವಾದ. ಹೀಗೆ ಬರೆದುಕೊಂಡಿದ್ದೇನೆ: ‘ರಸ ಇಂಗಿದ ಮೇಲೆ ಹೂರಣ ತೆಗೆಯಿರಿ. ಕೀಲು ಬಿಡಿಸಿ. ಎದೆಯನ್ನು ಎಳೆಗೆ ಅಡ್ಡವಾಗಿ ಕೊಯ್ದು ಬಿಸಿ ಹರಿವಾಣದಲ್ಲಿ ಜೋಡಿಸಿ.’ ‘ಸಂದು’ ಬಿಟ್ಟು ‘ಕೀಲು’ ಹಾಕಿದ್ದಕ್ಕೆ ಕ್ಷಮಿಸಿ ಸರ್. ವಿಜಯಪುರದ ಹುಡುಗರಿಗೆ ಸಂದಿ ಎಂದರೆ ಓಣಿ.